ನಾಲ್ಕನೇ ಟ್ಯಾಂಕಿನ ಊಟ

ಬೆಳಿಗ್ಗೆ ಐದು ಗಂಟೆಗೇ ಮಗಳು ಕನ್ನಡಿಯ ಮುಂದೆ ನಿಂತು ಗುನುಗುತ್ತಿದ್ದದ್ದು ಅವನಿಗೆ ಸಹಿಸಲಾಗಲಿಲ್ಲ. ಗುನುಗಿದರೆ ತಪ್ಪೇನು, ದಿನಾ ಗುನುಗುತ್ತಾಳೆ. ಆದರೆ ಇವತ್ತಿನ ಗುನುಗಿನಲ್ಲಿ ಆಗಲೇ ಮನೆ ಬಿಟ್ಟು ಹೊರಟವರ ಹಗುರವಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಹೊಸ ಚೀಲವೊಂದು ನೇತಾಡುತ್ತಿತ್ತು, ಅದರ ಜಿಪ್ಪಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಟ್ರೈನಿಂಗಿಗೆ ಹೋಗುವವರ ಪಟ್ಟಿ ಹಾಕುವ ಮೊದಲೇ ಚೀಲ ತಂದುಬಿಟ್ಟಿದ್ದಾಳೆ, ಎಷ್ಟು ಪೊಗರು ನೋಡು, ಎಂದುಕೊಳ್ಳುತ್ತ ಅವನು ಶೂ ಲೇಸನ್ನು ಎರಡು ಸಲ ತಪ್ಪಾಗಿ ಕಟ್ಟಿ ಎರಡು ಸಲ ಬಿಚ್ಚಿದ. ಹೆಂಡತಿ ಇಬ್ಬರ ಊಟದ ಡಬ್ಬಿಗಳನ್ನೂ ತಂದು ಮುಂದಿಟ್ಟು, ಮಗಳಿಗೆ ಕೇಳಿಸದಂತೆ ಬಗ್ಗಿ, "ಇವತ್ತಾದ್ರೂ ಅವಳ ಹತ್ರ ಒಂದು ಒಳ್ಳೇ ಮಾತು ಆಡ್ರೀ. ನಿಮ್ಮ ಗಂಟೇನು ಹೋಗುತ್ತೆ?" ಅಂದಳು. "ಪಟ್ಟಿ ಬರಲಿ ಮೊದಲು," ಅಂದ ಅವನು. ಪಟ್ಟಿಯಲ್ಲಿ ಮಗಳ ಹೆಸರು ಇರುವುದಿಲ್ಲ ಎಂಬುದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿರದೆ ಏನು, ಹೆಸರು ತಪ್ಪಿಸಿದವನೇ ಅವನು.

ಮೊನ್ನೆ ಮಧ್ಯಾಹ್ನ ಮ್ಯಾನೇಜರ್ ಅವನನ್ನು ಕೋಣೆಗೆ ಕರೆಸಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿದ್ದ. ಕಂಪನಿಯ ದೊಡ್ಡ ಲ್ಯಾಬಿನಲ್ಲಿ ಎರಡು ವರ್ಷದ ಟ್ರೈನಿಂಗು, ಈ ಫ್ಯಾಕ್ಟರಿಯಿಂದ ಒಬ್ಬರೇ ಹೋಗಬಹುದು, ಹೋಗಿ ಬಂದವರು ಇನ್ನು ಸ್ಯಾಂಪಲ್ ಬಾಟಲಿ ಹಿಡಿದು ಟ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ. "ನಿಮ್ಮ ಮಗಳ ಹೆಸರು ಎಲ್ಲರ ಬಾಯಲ್ಲೂ ಬರ್ತಿದೆ. ತಂದೆ ಅಂತ ಕೇಳ್ತಿಲ್ಲ, ಕೆಲಸ ಬಲ್ಲವರು ಅಂತ ಕೇಳ್ತಿದೀನಿ. ತಯಾರಿದಾಳಾ?" ಕುರ್ಚಿ ತುಂಬ ತಗ್ಗಿನಲ್ಲಿತ್ತು, ಮೊಣಕಾಲು ಎದೆಗೆ ಬಂದಂತಾಗಿ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎದೆಯೊಳಗೆ ಏನೋ ಉಕ್ಕಿ ಬಂದದ್ದು ನಿಜ. ಅದು ಉಕ್ಕಿದ ಕೂಡಲೇ, ಟ್ಯಾಂಕಿನ ನೊರೆ ಅಂಚಿಗೆ ಬಂದಾಗ ತಾನಾಗಿ ವಾಲ್ವಿಗೆ ಹೋಗುವ ಕೈಯ ಹಾಗೆ, ಅವನ ಬಾಯಿ ತಾನಾಗಿ ಮುಚ್ಚಿಕೊಂಡು, ಮತ್ತೆ ತೆರೆದಾಗ, "ಇನ್ನೂ ಸಾಲದು ಸಾರ್. ಎರಡು ವರ್ಷ ಕಾಯಲಿ. ಈಗ್ಲೇ ಸಿಕ್ಬಿಟ್ರೆ ತಲೆ ನಿಲ್ಲಲ್ಲ," ಎಂದುಬಿಟ್ಟಿತ್ತು. ಮ್ಯಾನೇಜರ್ ಅವನನ್ನೇ ನೋಡಿ, "ಸ್ವಂತ ಮಗಳ ವಿಷಯದಲ್ಲಿ ಇಷ್ಟು ನಿಷ್ಠುರವಾಗಿ ಮಾತಾಡೋರನ್ನ ನಾನಂತೂ ಕಂಡಿಲ್ಲ," ಎಂದಿದ್ದ. ಎದೆಯುಬ್ಬಿಸಿಕೊಂಡೇ ಹೊರಗೆ ಬಂದ. ಸಂಜೆ ಬಸ್ಸಿನಲ್ಲಿ ಮಗಳು ಪಕ್ಕದಲ್ಲಿ ಕುಳಿತು ತೂಕಡಿಸುತ್ತ ಅವನ ಭುಜಕ್ಕೆ ತಲೆ ತಾಗಿಸಿದಾಗ ಆ ಎದೆ ಇಳಿಯಿತು. ಭುಜವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

"ಏನ್ ತಾಯೀ, ಮಕ್ಕಳು ಹಸ್ಕೊಂಡು ಅಳ್ತಿದಾವೆ, ಬೇಗ ಹೋಗಿ ಮಾರಾಯ್ರೆ!" ಎಂದು ಇವತ್ತೂ ಗೇಟಿನವನು ಕೂಗಿದ. ಫ್ಯಾಕ್ಟರಿಯಲ್ಲಿ ಅವನನ್ನು ಎಲ್ಲರೂ ತಾಯಿ ಎಂದೇ ಕರೆಯುತ್ತಿದ್ದರು, ಮೂರಾಳೆತ್ತರದ ಟ್ಯಾಂಕುಗಳಲ್ಲಿ ಕೋಟಿ ಕೋಟಿ ಯೀಸ್ಟಿಗೆ ಹೊತ್ತು ಹೊತ್ತಿಗೆ ಊಟ ಹಾಕುವವನೆಂದು. ಊರೂರಿನ ಬೇಕರಿಗಳಲ್ಲಿ ಬ್ರೆಡ್ಡು ಉಬ್ಬುವುದು ಅವನ ಕೈಗುಣದಿಂದ. ಆ ಕೈಗುಣದ ಗುಟ್ಟೆಲ್ಲ ಇಷ್ಟೇ: ಹೊಟ್ಟೆ ತುಂಬ ಹಾಕಬಾರದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ, ಅದನ್ನು ನೀರಿಗೆ ಬೆರೆಸಿ ಸಣ್ಣ ಧಾರೆಯಲ್ಲಿ ಬಿಡಬೇಕು. ತಳದಿಂದ ಗಾಳಿ ಗುಳುಗುಳು ಏಳುತ್ತಲೇ ಇರಬೇಕು. ಅರೆಹೊಟ್ಟೆ ಊಟ, ಮೈತುಂಬ ಗಾಳಿ. ಹಾಗಿದ್ದರೆ ಕಣ್ಣಿಗೆ ಕಾಣದ ಆ ಜೀವಗಳು ಸಿಕ್ಕಿದ ಒಂದೊಂದು ಕಣವನ್ನೂ ಕೊನೇತನಕ ಉರಿಸಿ, ಅದರ ಕಸುವನ್ನೆಲ್ಲ ಹೀರಿಕೊಂಡು ಮೈ ಬೆಳೆಸುತ್ತವೆ, ಒಂದು ಎರಡಾಗುತ್ತವೆ. ಧಾರೆ ದಪ್ಪವಾಯಿತೋ, ಕೆಟ್ಟಿತು. ಸುತ್ತ ಎಷ್ಟೇ ಗಾಳಿ ಇರಲಿ, ಅರ್ಧ ತಿಂದು ಅರ್ಧ ಚೆಲ್ಲುತ್ತವೆ. ಆ ಚೆಲ್ಲಿದ್ದೇ ಹೆಂಡ. ಮೈ ಬೆಳೆಯುವುದಿಲ್ಲ, ಟ್ಯಾಂಕೆಲ್ಲ ಗಬ್ಬು ವಾಸನೆ. "ತಿಂದು ಸೊಕ್ಕಿದವು" ಎನ್ನುತ್ತಿದ್ದ, ಅವನಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿ. ಮೂವತ್ತು ವರ್ಷದಲ್ಲಿ ತಾಯಿಯ ಟ್ಯಾಂಕು ಒಂದೇ ಒಂದು ಸಲವೂ ಸೊಕ್ಕಿದ್ದಿಲ್ಲ. ಲ್ಯಾಬಿನವರು ಅಳೆಯುವ ಮೊದಲೇ ಅವನ ಮೂಗಿಗೆ ತಿಳಿದುಬಿಡುತ್ತಿತ್ತು.

ಈ ಒಂದು ವಿದ್ಯೆ ಇಟ್ಟುಕೊಂಡು ಅವನು ಮಗಳನ್ನೂ ಬೆಳೆಸಿದ. ಒಂಬತ್ತು ವರ್ಷದವಳು ಓಟದಲ್ಲಿ ಗೆದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಯ ತಿರುವಿನಿಂದಲೇ ಅಪ್ಪಾ ಅಪ್ಪಾ ಎಂದು ಕೂಗುತ್ತ ಓಡಿಬಂದಾಗ, "ಎರಡನೇದಾ?" ಎಂದಿದ್ದ. ಅವಳ ಮುಖ ಇಳಿಯಿತು. ಇಳಿದದ್ದನ್ನು ಅವನು ಕಣ್ಣಾರೆ ನೋಡುತ್ತ ನಿಂತಿದ್ದ, ನೋಡುತ್ತ ಒಳಗೊಳಗೇ ಒಂದು ತೃಪ್ತಿ, ಧಾರೆ ಸರಿಯಾಗಿ ಹಿಡಿದೆ ಎಂಬ ತೃಪ್ತಿ. ಮರುವರ್ಷ ಅವಳು ಮೊದಲನೆಯವಳಾಗಿ ಬಂದಳಲ್ಲ! ಆಗ, "ಆಗಬಹುದು," ಎಂದ. ಆ ಒಂದು ಮಾತಿಗೆ ಹುಡುಗಿ ಒಂದು ವಾರ ನೆಲದ ಮೇಲೆ ಕಾಲೂರಲಿಲ್ಲ. ಮತ್ತೊಮ್ಮೆ ಬಣ್ಣದ ಪೆನ್ಸಿಲಿನಲ್ಲಿ ಮೊಗ್ಗೊಡೆದು ಎರಡಾಗುವ ಯೀಸ್ಟಿನ ಚಿತ್ರ ಬರೆದು, ಕೆಳಗೆ 'ಅಪ್ಪನ ಮಕ್ಕಳು' ಎಂದು ಬರೆದು ಅವನ ದಿಂಬಿನ ಮೇಲೆ ಇಟ್ಟಿದ್ದಳು. "ಮೊಗ್ಗು ಇಷ್ಟು ದೊಡ್ಡದಿರಲ್ಲ," ಎಂದು ವಾಪಸು ಕೊಟ್ಟ. ಅವಳು ಬಿಸಾಡಿದ ಮೇಲೆ ಕಸದ ಬುಟ್ಟಿಯಿಂದ ಹೆಕ್ಕಿ, ನೀಟಾಗಿ ಮಡಿಸಿ, ತನ್ನ ಟ್ರಂಕಿನ ತಳದಲ್ಲಿಟ್ಟ. ಅದು ಅಲ್ಲಿರುವುದು ಇವತ್ತಿಗೂ ಅವನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೆ ಗೊತ್ತಿಲ್ಲ. ಓದಿ, ಇದೇ ಫ್ಯಾಕ್ಟರಿಯ ಲ್ಯಾಬಿಗೆ ಸೇರಿದ ಮೊದಲ ತಿಂಗಳು ಅವಳು ಊಟಕ್ಕೆ ಕುಳಿತಾಗ ಹೇಳಿದ್ದಳು: "ಸೊಕ್ಕೂ ಇಲ್ಲ, ಮಣ್ಣೂ ಇಲ್ಲ ಅಪ್ಪ. ಸಕ್ಕರೆ ಜಾಸ್ತಿ ಆದ್ರೆ ಪೂರ್ತಿ ಉರಿಸೋ ದಾರಿ ಕಟ್ಟಿಹೋಗುತ್ತೆ, ಅರ್ಧಂಬರ್ಧದ ದಾರಿ ಹಿಡೀತವೆ, ಅಷ್ಟೆ. ಊಟ ನಿಲ್ಲಿಸಿ ಗಾಳಿ ಕೊಡಿ, ತಾವು ಚೆಲ್ಲಿದ ಹೆಂಡಾನ ತಾವೇ ತಿಂದು ಮತ್ತೆ ಬೆಳೀತವೆ. ಹಸಿವಿನಿಂದ ಬೆಳಿಯೋದಲ್ಲ ಅವು. ಗಾಳಿಯಿಂದ ಬೆಳಿಯೋದು." "ಪುಸ್ತಕದ ಬದನೆಕಾಯಿ," ಎಂದು ಅವನು ಕೈತೊಳೆಯಲು ಎದ್ದಿದ್ದ.

ಹತ್ತು ಗಂಟೆಗೆ ನಾಲ್ಕನೇ ಟ್ಯಾಂಕಿನ ಊಟದ ಪೈಪು ಕಟ್ಟಿಕೊಂಡಿತು. ಕಾಕಂಬಿ ಅಂಟು ಪದಾರ್ಥ, ತಿಂಗಳಿಗೊಮ್ಮೆ ಹೀಗಾಗುವುದುಂಟು. ವಾಲ್ವನ್ನು ಪೂರ್ತಿ ತೆರೆದು, ಮನಸ್ಸಿನಲ್ಲಿ ಮೂವತ್ತು ಎಣಿಸಿ, ಒಳಗಿನ ಗಟ್ಟಿ ನುಗ್ಗಿ ಹೋದ ಮೇಲೆ ಮತ್ತೆ ಹಿಂದಿನ ಗುರುತಿಗೆ ತಿರುಗಿಸಬೇಕು, ಅಷ್ಟೇ ಕೆಲಸ. ಅವನು ಕಬ್ಬಿಣದ ಅಟ್ಟಣಿಗೆಯ ಮೇಲೆ ನಿಂತು ವಾಲ್ವು ತೆರೆದ. ಹನ್ನೊಂದು ಎಣಿಸುವಷ್ಟರಲ್ಲಿ ಮೆಟ್ಟಿಲು ಟಣಟಣ ಅಂದಿತು. ಮಗಳು, ಕೈಯಲ್ಲಿ ಸ್ಯಾಂಪಲ್ ಬಾಟಲಿ. ಗಂಟೆಗೊಮ್ಮೆ ಬಂದು, ಟ್ಯಾಂಕಿನ ನಲ್ಲಿಯಿಂದ ಬಾಟಲಿ ತುಂಬಿಕೊಂಡು ಹೋಗಿ, ಹೆಂಡ ಲೀಟರಿಗೆ ಎಷ್ಟು ಗ್ರಾಂ ಇದೆಯೆಂದು ಅಳೆದು ಬರೆಯುವುದು ಅವಳ ಕೆಲಸ. ಬಾಟಲಿ ತುಂಬಿಕೊಂಡವಳು ಹೋಗಲಿಲ್ಲ. ಕಂಬಿಗೆ ಒರಗಿ ನಿಂತು, ಬಿರಡೆಯನ್ನು ಹೆಬ್ಬೆರಳಲ್ಲಿ ಒತ್ತುತ್ತ, "ಅಪ್ಪ, ಮ್ಯಾನೇಜರ್ ನನ್ನ ಬಗ್ಗೆ ನಿಮ್ಮನ್ನೇನಾದ್ರೂ ಕೇಳಿದ್ರಾ?" ಅಂದಳು.

"ನನ್ನನ್ನ್ಯಾಕೆ ಕೇಳ್ತಾರೆ?"

"ಮೊನ್ನೆ ನೀವು ಅವರ ರೂಮಿಂದ ಬಂದಿದ್ದನ್ನ ನೋಡಿದೆ."

"ಗಾಳಿ ಬ್ಲೋವರ್ ವಿಷಯ. ಸುಮ್ನೆ ಇಲ್ಲಸಲ್ಲದ್ದು ತಲೇಲಿ ತುಂಬ್ಕೋಬೇಡ."

ಅವಳು ನಕ್ಕಳು. ಆ ನಗುವಿನಲ್ಲಿ ಸಂಶಯ ಎಳ್ಳಷ್ಟೂ ಇರಲಿಲ್ಲ. ಅಪ್ಪ ಕಡ್ಡಿ ಮುರಿದ ಹಾಗೆ ಮಾತಾಡುತ್ತಾನೆ, ಆದರೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದವಳ ನಗು ಅದು. "ಆಯ್ತು ಬಿಡಿ," ಎಂದು ಮೆಟ್ಟಿಲಿಳಿದಳು. ಅವನ ಕುತ್ತಿಗೆ, ಕಿವಿ, ನೆತ್ತಿ ಎಲ್ಲ ಕಾದುಬಿಟ್ಟಿತು. ಅಲ್ಲಿ ನಿಲ್ಲಲಾಗದೆ ಇನ್ನೊಂದು ಕಡೆಯ ಏಣಿಯಿಂದ ಇಳಿದು, ಹಿತ್ತಲ ಅಂಗಳಕ್ಕೆ ಹೋಗಿ, ಖಾಲಿ ಡ್ರಮ್ಮುಗಳ ನಡುವೆ ನಿಂತುಕೊಂಡ. ಸುಳ್ಳು ಹೇಳಿದೆನೇ? ಹೇಳಿದೆ. ಅವಳ ಒಳ್ಳೇದಕ್ಕೇ ತಾನೆ? ಒಳ್ಳೇದಕ್ಕಾದರೆ ಮುಖ ನೋಡಿ ಹೇಳಬಹುದಿತ್ತಲ್ಲ! ಎರಡು ವರ್ಷ ಬಿಟ್ಟು ತಾನೇ ಮ್ಯಾನೇಜರ ಹತ್ತಿರ ಹೋಗಿ ಈಗ ತಯಾರಾದಳು ಸಾರ್ ಎನ್ನುವೆ, ಆಗ ಅವಳಿಗೂ ಎಲ್ಲ ಹೇಳುವೆ, ಆಗ ಅವಳೇ ಅಪ್ಪ ಮಾಡಿದ್ದು ಸರಿ ಎನ್ನುತ್ತಾಳೆ. ಈ ಮಾತು ಒಂದು ನಿಮಿಷ ಹಿತವಾಗಿತ್ತು, ಆಮೇಲೆ ಅದಕ್ಕೂ ವಾಸನೆ ಹಿಡಿಯಿತು. ಅವಳು ಹೊರಟುಹೋದರೆ ಗಂಟೆಗೊಮ್ಮೆ ಆ ಮೆಟ್ಟಿಲು ಹತ್ತಿ ಬರುವವರು ಯಾರು ಎಂಬ ಪ್ರಶ್ನೆ ಮೊನ್ನೆ ಆ ತಗ್ಗು ಕುರ್ಚಿಯಲ್ಲಿ ಕುಳಿತಾಗ ತನ್ನೊಳಗೆ ಇತ್ತೋ ಇಲ್ಲವೋ? ಡ್ರಮ್ಮಿನ ಮೇಲೆ ಒಣಗಿದ ಕಾಕಂಬಿಯನ್ನು ಉಗುರಿನಿಂದ ಕೆರೆಯುತ್ತ ಇದ್ದ. ಹಾಗೆ ಕೆರೆಯುತ್ತಿದ್ದಾಗ, ತಾನು ಹನ್ನೊಂದರವರೆಗೆ ಮಾತ್ರ ಎಣಿಸಿದ್ದು ನೆನಪಾಯಿತು.

ಓಡಿದ. ಐವತ್ತಾರು ವರ್ಷದ ಮೊಣಕಾಲು ಒಂದೊಂದು ಮೆಟ್ಟಿಲಿಗೂ ಹಿಡಿಶಾಪ ಹಾಕಿತು. ವಾಲ್ವು ಪೂರ್ತಿ ತೆರೆದೇ ಇತ್ತು. ಇಪ್ಪತ್ತೈದು ನಿಮಿಷ. ಕಪ್ಪು ಧಾರೆ ಮಣಿಕಟ್ಟಿನ ದಪ್ಪಕ್ಕೆ ಬೀಳುತ್ತಿತ್ತು, ನೊರೆಯ ಬಣ್ಣ ಬದಲಾಗಿತ್ತು. ವಾಲ್ವು ಮುಚ್ಚಿ, ಟ್ಯಾಂಕಿನ ಬಾಯಿಗೆ ಬಗ್ಗಿ ಮೂಸಿದ. ಏನೂ ವಾಸನೆ ಬರಲಿಲ್ಲ. ಮೂವತ್ತು ವರ್ಷದ ಮೂಗು ಕೈಕೊಟ್ಟಿತ್ತು, ಅಥವಾ ಭಯಕ್ಕೆ ಮೂಗೇ ಇರುವುದಿಲ್ಲವೋ ಏನೋ. ಟ್ಯಾಂಕಿನ ಲೆಕ್ಕದ ಪುಸ್ತಕ ತೆರೆದು ಹತ್ತು ಗಂಟೆಯ ಸಾಲಿನಲ್ಲಿ ವಾಲ್ವಿನ ಗುರುತು ಎಂದಿನಂತೆ ಮೂರು ಎಂದು ಬರೆದ. ಅಕ್ಷರ ಎಂದಿನಷ್ಟೇ ದುಂಡಗೆ ಬಂತು. ಅದಕ್ಕೆ ಅವನಿಗೇ ಆಶ್ಚರ್ಯ.

ಹನ್ನೊಂದೂ ಕಾಲಿಗೆ ಮಗಳು ಬಾಟಲಿಯಿಲ್ಲದೆ ಬಂದಳು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅಪ್ಪ, ಹನ್ನೊಂದರ ಸ್ಯಾಂಪಲ್ಲಲ್ಲಿ ಒಂಬತ್ತು ಬಂದಿದೆ," ಅಂದಳು. ಎರಡಕ್ಕಿಂತ ಮೇಲೆ ಹೋದರೆ ಕೂಡಲೇ ಮ್ಯಾನೇಜರಿಗೆ ಹೇಳಬೇಕೆಂಬುದು ನಿಯಮ.

"ಇನ್ನೊಂದ್ಸಲ ನೋಡು."

"ಮೂರು ಸಲ ನೋಡಿದೆ."

ಮುಚ್ಚಿದ ವಾಲ್ವಿನ ಮೇಲೆ ಅವನ ಕೈ ಇತ್ತು. ಅವಳು ಆ ಕೈಯನ್ನು ನೋಡಿದಳು, ವಾಲ್ವಿನ ಕೆಳಗೆ ಹೊಸದಾಗಿ ಚಿಮ್ಮಿ ಅಂಟಿದ ಪಾಕವನ್ನು ನೋಡಿದಳು, ಪುಸ್ತಕದಲ್ಲಿ ಮೂರು ಎಂದಿದ್ದದ್ದನ್ನೂ ನೋಡಿದಳು. ಎಲ್ಲ ತಿಳಿದುಹೋಯಿತು ಅವಳಿಗೆ. ಅವನು ಕಾದ. ಬಯ್ಯುತ್ತಾಳೆಯೇ? ನಗುತ್ತಾಳೆಯೇ? ಅವಳ ಕಣ್ಣು ತುಂಬಿ ಬಂದವು, ಅಪ್ಪನಿಗೂ ತಪ್ಪಾಗುತ್ತದೆ ಎಂಬುದನ್ನು ಮೊದಲ ಸಲ ಕಂಡು ಕನಿಕರದಿಂದ. "ಎರಡು ಗಂಟೆ ಸಾಕು ಅಪ್ಪ," ಎಂದಳು ಅವಸರವಾಗಿ, "ಊಟ ಹೀಗೇ ಪೂರ್ತಿ ಬಂದ್ ಇರ್ಲಿ. ಗಾಳಿ ಎಷ್ಟಿದ್ಯೋ ಅಷ್ಟೂ ಬಿಡಿ. ಮಾಡಿದ ಹೆಂಡಾನ ಅವೇ ತಿಂದು ಮುಗಿಸ್ತವೆ. ಅಲ್ಲೀವರೆಗೂ ನಾನು ಎರಡು ಅಂತ್ಲೇ ಬರ್ಕೊಂಡು ಹೋಗ್ತೀನಿ. ಯಾರಿಗೂ ಗೊತ್ತಾಗಲ್ಲ."

ಬೇಡ ಎನ್ನಬೇಕಾಗಿತ್ತು. ಬೇಡಮ್ಮ, ಒಂಬತ್ತು ಎಂದೇ ಬರಿ, ತಪ್ಪು ನನ್ನದು, ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವನು ಗಾಳಿಯ ಚಕ್ರವನ್ನು ಕೊನೇತನಕ ತಿರುಗಿಸಿದ. ಟ್ಯಾಂಕು ಗುಡುಗತೊಡಗಿತು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡು ಇಳಿದುಹೋದಳು. ಒಪ್ಪಿಗೆಯೇ ಆಗಿತ್ತು.

ಹನ್ನೆರಡಕ್ಕೆ ಸ್ಯಾಂಪಲ್ ಒಯ್ದು ಅಳೆದು ಮತ್ತೆ ಬಂದು, "ಆರಕ್ಕಿಳಿದಿದೆ!" ಎಂದು ಪಿಸುಗುಟ್ಟಿದಳು. ತನ್ನ ಡಬ್ಬಿಯನ್ನೂ ತಂದಿದ್ದಳು. ಎಂದೂ ಇಲ್ಲದ್ದು, ಅಟ್ಟಣಿಗೆಯ ಮೇಲೆ ಅವನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತು, ಅವನ ಡಬ್ಬಿಯಿಂದ ಒಂದು ಮೊಟ್ಟೆ ಎತ್ತಿಕೊಂಡು ತನ್ನ ಬ್ರೆಡ್ಡಿನ ತುಂಡನ್ನು ಅವನ ಡಬ್ಬಿಗೆ ಹಾಕಿದಳು. ಕೆಳಗೆ ಕೋಟಿ ಕೋಟಿ ಬಾಯಿಗಳು ಊಟವಿಲ್ಲದೆ, ತಾವೇ ಚೆಲ್ಲಿದ್ದನ್ನು ನೆಕ್ಕುತ್ತಿದ್ದವು. ಇಬ್ಬರೂ ಸೇರಿ ಒಂದು ಕಳ್ಳತನ ಮಾಡಿದ ಮೇಲೆ ಮನೆಯವರಾದಂತಿತ್ತು. "ನಾನು ಹೋದ್ಮೇಲೆ ಹೀಗೆಲ್ಲ ಮಾಡ್ಕೋಬೇಡಿ ಮತ್ತೆ," ಎಂದು ಅವಳು ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡು ಗದರಿಸಿದಳು. ಆಮೇಲೆ ಸುಮ್ಮನಾಗಿ, ಅವನ ಕಡೆ ನೋಡದೆ, ಕಾಯತೊಡಗಿದಳು. ಏನನ್ನು ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಿಲ್ಲವೇ? ಒಂದು ಒಳ್ಳೇ ಮಾತು. ಇಪ್ಪತ್ತನಾಲ್ಕು ವರ್ಷದಿಂದ ಆ ಮುಖ ಹೀಗೆ ಅರ್ಧ ತಿರುಗಿ, ಕಿವಿ ಮಾತ್ರ ಅವನ ಕಡೆಗಿಟ್ಟು ಕಾದದ್ದನ್ನು ಅವನು ಎಷ್ಟು ಸಲ ನೋಡಿಲ್ಲ. ಮಾತು ಗಂಟಲವರೆಗೆ ಬಂತು. ಮಾತಿನ ಹಿಂದೆ ಮೊನ್ನೆಯ ಕುರ್ಚಿಯೂ ಬಂತು. ಎರಡೂ ಒಟ್ಟಿಗೆ ಹೊರಬೀಳುವುದೆಂದು ಹೆದರಿ, "ಚಿಪ್ಪು ಟ್ಯಾಂಕಿಗೆ ಬೀಳೀತು, ನೋಡ್ಕೊಂಡು ತಿನ್ನು," ಎಂದ.

ಅಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರ ದನಿ: "ಏನ್ರೀ ತಾಯಿ, ಹೆಂಡದಂಗಡಿ ಇಟ್ಟಿದೀರೇನ್ರೀ ಮೇಲೆ?" ಮೂಗನ್ನು ಮುಂದೆ ಮಾಡಿಕೊಂಡೇ ಮೆಟ್ಟಿಲು ಹತ್ತಿ ಬಂದ, ಹಿಂದೆ ಲ್ಯಾಬಿನ ಹಿರಿಯಾಕೆ. ಮಗಳು ದಡಬಡಿಸಿ ಎದ್ದಳು. ಮ್ಯಾನೇಜರ್ ಲ್ಯಾಬಿನ ಪುಸ್ತಕ ತರಿಸಿ ನೋಡಿದ: ಹನ್ನೊಂದಕ್ಕೆ ಎರಡು, ಹನ್ನೆರಡಕ್ಕೆ ಎರಡು. ಹಿರಿಯಾಕೆಯನ್ನು ಹನ್ನೆರಡರ ಬಾಟಲಿಯನ್ನೇ ಇನ್ನೊಮ್ಮೆ ಅಳೆಯಲು ಕಳಿಸಿದ. ಅವಳು ಹೋಗಿ ಬರುವ ಆ ಹತ್ತು ನಿಮಿಷ ಅವನು ತನ್ನ ಡಬ್ಬಿಯ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಹಿರಿಯಾಕೆ ಏದುಸಿರು ಬಿಡುತ್ತ ಬಂದು, "ಆರು ಸಾರ್," ಎಂದಳು, ತನಗೇ ನಾಚಿಕೆಯಾದವಳಂತೆ.

ಮ್ಯಾನೇಜರ್ ಮೊದಲು ಅವನ ಕಡೆ ತಿರುಗಿದ. "ನಿಮ್ಮ ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇದೆ. ಮತ್ತೆ ಈಗ ಊಟ ಯಾಕೆ ನಿಲ್ಲಿಸಿದೀರಿ? ಗಾಳಿ ಯಾಕೆ ಪೂರ್ತಿ ಬಿಟ್ಟಿದೀರಿ?"

ನಿಜ ಹೇಳಲು ಇದೇ ಬಾಗಿಲು, ಇನ್ನೂ ತೆರೆದಿತ್ತು. ಅವನು ಮಗಳ ಕಡೆ ನೋಡಲಿಲ್ಲ. "ವಾಸನೆ ಹತ್ತಿತು ಸಾರ್. ಗಾಳಿ ಎಲ್ಲೋ ತಡೆದಿರ್ಬೇಕು ಅನ್ನಿಸ್ತು. ಅದಕ್ಕೇ," ಎಂದ.

"ನೋಡಿ, ಕೆಲಸ ಅಂದ್ರೆ ಇದು!" ಮ್ಯಾನೇಜರ್ ಹಿರಿಯಾಕೆಗೆ ಹೇಳಿದ. "ಮೂಗಲ್ಲೇ ಹಿಡಿದ್ರು. ಮಿಷಿನ್ ಇಟ್ಕೊಂಡು ಕೂತೋರಿಗೆ ಆಗ್ಲಿಲ್ಲ. ಇವರಿಲ್ದಿದ್ರೆ ಇಡೀ ಟ್ಯಾಂಕು ಚರಂಡಿಗೆ ಹೋಗ್ತಿತ್ತು." ಆ ಹೊಗಳಿಕೆ ಅವನೊಳಗೆ ಇಳಿಯಿತು. ಇಳಿದು ಬೆಚ್ಚಗಾಯಿತು, ಥೂ, ಅಂಥಾ ಹೊತ್ತಿನಲ್ಲೂ ಬೆಚ್ಚಗಾಯಿತು. ಅದನ್ನು ಅವನು ಆಮೇಲೆ ಎಂದೂ ತನಗೆ ತಾನು ಕ್ಷಮಿಸಿಕೊಳ್ಳಲಾರದೆ ಹೋದ. ಬೇರೆಯದನ್ನೆಲ್ಲ ಬೇಕಾದರೆ ಕ್ಷಮಿಸಿಕೊಂಡಾನು.

"ಏನಮ್ಮಾ, ಅಳೀದೇ ಬರೆದ್ಯಾ?"

ಮಗಳು ಅಪ್ಪನನ್ನು ನೋಡಿದಳು. ಅವನು ವಾಲ್ವನ್ನು ನೋಡುತ್ತಿದ್ದ. "ಹೌದು ಸಾರ್," ಎಂದಳು.

ಮ್ಯಾನೇಜರ್ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಇದನ್ನ ಹಾಕ್ಬೇಕು ಅಂತಾನೇ ಬರ್ತಿದ್ದೆ. ಇದರಲ್ಲಿ ಇದ್ದದ್ದು ನಿನ್ನ ಹೆಸರು. ನಿಮ್ಮಪ್ಪ ಮೊನ್ನೆ ಬಂದು ಬೇಡ ಸಾರ್, ಇನ್ನೂ ಸಾಲದು, ತಲೆ ನಿಲ್ಲಲ್ಲ ಅಂದ್ರು. ನಾನೇ ಅವರ ಮಾತು ಕೇಳದೆ ಹಾಕಿದ್ದೆ. ಈಗ ಹೇಳಿ," ಎಂದು ಅವನ ಕಡೆ ತಿರುಗಿ, ನಗುವುದೋ ಬಿಡುವುದೋ ತಿಳಿಯದೆ ಅರ್ಧ ನಕ್ಕ, "ಯಾರು ಸರಿ, ನೀವೋ ನಾನೋ?"

ಪ್ರಶ್ನೆಗೆ ಉತ್ತರ ಬೇಕಾಗಿರಲಿಲ್ಲ. ಸುಮ್ಮನೆ ನಿಂತಿದ್ದರೂ ಸಾಕಾಗುತ್ತಿತ್ತು. ಇನ್ನೊಂದು ನಿಮಿಷ ಆ ಮೌನ ಹಾಗೇ ಮುಂದುವರಿದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ ಎಂದು ಅವನು ಆಮೇಲೆ ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡ. ಆದರೆ ಪಕ್ಕದಲ್ಲಿ ಮಗಳ ಉಸಿರು ಕೇಳಿಸುತ್ತಿತ್ತು, ಅದು ನಿಂತುಹೋಯಿತು, ಅವಳು ತನ್ನನ್ನೇ ನೋಡುತ್ತಿದ್ದಾಳೆಂದು ಕೆನ್ನೆಗೆ ಗೊತ್ತಾಯಿತು, ಆ ನೋಟವನ್ನು ತಪ್ಪಿಸಿಕೊಂಡರೆ ಸಾಕೆಂದು ಬಾಯಿ ತೆರೆದ. "ನಾನು ಹೇಳಿದ್ದೆನಲ್ಲ ಸಾರ್," ಎಂದ.

ಮ್ಯಾನೇಜರ್ ಕಾಗದವನ್ನು ಕಂಬಿಯ ಮೇಲೆ ಇಟ್ಟು ಒಂದು ಗೆರೆ ಎಳೆದ. ಇನ್ನೊಮ್ಮೆ ಹೀಗಾದರೆ ಲ್ಯಾಬಿನಲ್ಲೇ ಇರುವ ಹಾಗಿಲ್ಲ ಎಂದು ಅವಳಿಗೆ ಹೇಳಿ ಇಳಿದುಹೋದ. ಹಿರಿಯಾಕೆ ಅವಳ ಬೆನ್ನು ತಟ್ಟಲು ಹೋಗಿ ತಟ್ಟದೆ ಹೋದಳು. ಮಗಳು ಬಗ್ಗಿ, ತನ್ನ ಡಬ್ಬಿ ಎತ್ತಿಕೊಂಡು, ಅಟ್ಟಣಿಗೆಯ ಮೇಲೆ ಬಿದ್ದಿದ್ದ ಮೊಟ್ಟೆಯ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿಕೊಂಡಳು.

"ನೋಡು, ನಾನು…" ಎಂದ ಅವನು.

"ಒಂದು ಗಂಟೆಗೆ ಬರ್ತೀನಿ," ಎಂದಳು.

ಒಂದು ಗಂಟೆಗೆ ಬಂದು ಸ್ಯಾಂಪಲ್ ಒಯ್ದು, ಕಾಲು ಗಂಟೆ ಬಿಟ್ಟು ಪುಸ್ತಕ ಹಿಡಿದು ಬಂದಳು. ಎರಡಕ್ಕಿಂತ ಕಡಿಮೆ ಇತ್ತು, ಒಂದೂವರೆ. ಟ್ಯಾಂಕು ಚೇತರಿಸಿಕೊಂಡಿತ್ತು. ಅವಳು ಹೇಳಿದ್ದಂತೆಯೇ, ಎರಡೇ ಗಂಟೆಯಲ್ಲಿ ತಾವು ಚೆಲ್ಲಿದ್ದನ್ನೆಲ್ಲ ತಿಂದು ಮುಗಿಸಿ ಯೀಸ್ಟುಗಳು ಮತ್ತೆ ತಮ್ಮ ದಾರಿ ಹಿಡಿದಿದ್ದವು, ಏನೂ ಆಗಿಲ್ಲವೆಂಬಂತೆ. ಅವುಗಳಿಗೆ ನೆನಪು ಇರುವುದಿಲ್ಲವಲ್ಲ. "ನೀನು ಹೇಳಿದ್ದೇ ಸರಿಯಾಯ್ತು," ಎಂದ. ಇಪ್ಪತ್ತನಾಲ್ಕು ವರ್ಷದಲ್ಲಿ ಹಾಗೆ ಅಂದದ್ದಿಲ್ಲ. ನಾಲಿಗೆ ತಡವರಿಸಿತು. ಸಾಲದು ಅನ್ನಿಸಿ, "ತುಂಬ ಚೆನ್ನಾಗಿ ಮಾಡಿದೆ," ಎಂದೂ ಸೇರಿಸಿದ. ಸೇರಿಸಿ, ಅವಳ ಮುಖ ನೋಡಿದ, ಬೀದಿಯ ತಿರುವಿನಿಂದ ಓಡಿಬರುತ್ತಿದ್ದ ಆ ಮುಖಕ್ಕಾಗಿ.

"ಇಲ್ಲಿ ಸಹಿ ಹಾಕಿ," ಎಂದಳು.

ಮನೆಯಲ್ಲಿ ಹೆಂಡತಿ ಸಿಹಿ ಮಾಡಿಟ್ಟು ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತೇ? ಹೇಳೇ, ಏನಾಯ್ತು?" ಮಗಳು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತ, "ಅಪ್ಪ ಹೇಳ್ತಾರೆ," ಎಂದಳು. ದನಿಯಲ್ಲಿ ಕೊಂಕಿಲ್ಲ, ಕೋಪವಿಲ್ಲ. ಹೋಗಿ ಕುರ್ಚಿಯ ಮೇಲೆ ಕುಳಿತು, ಅಪ್ಪ ಏನು ಹೇಳುತ್ತಾನೆಂದು ಕೇಳಲು ತಯಾರಾದಳು. ಹೆಂಡತಿ ಅವನನ್ನು ನೋಡಿದಳು. ಅವನು ಶೂ ಲೇಸು ಬಿಚ್ಚಲು ಬಗ್ಗಿದ, ಗಂಟು ಬಿಗಿದುಕೊಂಡಿತ್ತು. ಬಗ್ಗಿಕೊಂಡೇ, "ಅಳೀದೇ ಬರೆದುಬಿಟ್ಟಿದ್ಳು. ಮ್ಯಾನೇಜರ್ ಹೆಸರು ಹೊಡೆದು ಹಾಕಿದ್ರು," ಎಂದ.

"ಅಯ್ಯೋ ನಿನ್ನ! ಇವತ್ತೇ ಆಗ್ಬೇಕಿತ್ತೇನೇ ಅದು? ಯಾಕೇ ಹಾಗ್ಮಾಡ್ದೆ?" ಯಾವತ್ತೂ ಮಗಳ ಕಡೆ ಮಾತಾಡುವವಳು ಇವತ್ತು ಅವಳನ್ನೇ ತರಾಟೆಗೆ ತೆಗೆದುಕೊಂಡಳು. ಈಗ ಹೇಳುತ್ತಾಳೆ, ಎಂದು ಅವನು ಲೇಸು ಹಿಡಿದುಕೊಂಡು ಕಾದ. ಹೇಳಲಿ, ಕೂಗಾಡಲಿ, ಬೇಕಾದರೆ ಡಬ್ಬಿ ಎತ್ತಿ ಮುಖಕ್ಕೆಸೆಯಲಿ.

"ಗಮನ ಬೇರೆ ಕಡೆ ಇತ್ತಮ್ಮ," ಎಂದಳು ಮಗಳು. ಎದ್ದು ಕೈತೊಳೆದು ಬಂದು, ಸಿಹಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಬೆಳಿಗ್ಗೆ ಅವನ ಡಬ್ಬಿಯನ್ನು ಅವಳೇ ತಂದುಕೊಟ್ಟಳು. ಡಬ್ಬಿ ಹೊಸ ಚೀಲದಲ್ಲಿತ್ತು, ಜಿಪ್ಪಿನ ಚೀಟಿಯನ್ನು ಕತ್ತರಿಸಿ ತೆಗೆದಿದ್ದಳು. "ನಿಮ್ಮದು ಹರಿದಿದೆ," ಎಂದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಬಾಗಿಲು ಹಾಕಿದ್ಯಾ ಎಂದರೆ ಹಾಕಿದೆ, ಅಮ್ಮನ ಮಾತ್ರೆ ಇದೆಯಾ ಎಂದರೆ ಇದೆ. ತೂಕಡಿಸಲಿಲ್ಲ. ಅವನು ಭುಜವನ್ನು ಅವಳ ಕಡೆಗೇ ಇಟ್ಟುಕೊಂಡು ಕುಳಿತಿದ್ದ, ಇಳಿಯುವವರೆಗೂ. ಗೇಟಿನವನು, "ಏನ್ ತಾಯೀ, ನಿನ್ನೆ ಮೂಗಲ್ಲೇ ಟ್ಯಾಂಕು ಉಳಿಸಿದ್ರಂತೆ!" ಎಂದು ಸಲಾಮು ಹೊಡೆದ.

ಆರು ಗಂಟೆಗೆ ಮೆಟ್ಟಿಲು ಟಣಟಣ ಎಂದಿತು. ಚೀಲವನ್ನು ಕಂಬಿಗೆ ಸಿಕ್ಕಿಸಿ ಅವನು ನೆಟ್ಟಗೆ ನಿಂತುಕೊಂಡ. ರಾತ್ರಿಯೆಲ್ಲ ನಿದ್ದೆಗೆಟ್ಟು ಜೋಡಿಸಿಟ್ಟುಕೊಂಡ ಮಾತು ಬಾಯಲ್ಲಿತ್ತು: ಇವತ್ತು ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿಬಿಡ್ತೀನಿ, ನೀನೊಂದು ಮಾತು ಹೂಂ ಅನ್ನು. ಅವಳು ಬಂದಳು. ನಲ್ಲಿ ತೆರೆದಳು.

"ನಾನು ಇವತ್ತು ಅವರ ಹತ್ರ ಹೋಗ್ಬೇಕು ಅಂತಿದೀನಿ," ಎಂದ. "ನೀನು ಹೂಂ ಅಂದ್ರೆ."

ಬಾಟಲಿ ತುಂಬುವುದನ್ನೇ ನೋಡುತ್ತಿದ್ದಳು. ತುಂಬಿತು. ಬಿರಡೆ ಒತ್ತಿ, ಹೊರಮೈಯನ್ನು ಬಟ್ಟೆಯಲ್ಲಿ ಒರೆಸಿ, "ಆರು ಗಂಟೆ ಸ್ಯಾಂಪಲ್ ಆಯ್ತು," ಎಂದು ಮೆಟ್ಟಿಲಿಳಿದಳು.

ಅವನು ಎಲ್ಲಿಗೂ ಹೋಗಲಿಲ್ಲ. ವಾಲ್ವನ್ನು ಗುರುತಿಗೆ ಸರಿಯಾಗಿ ತಿರುಗಿಸಿ, ಸಣ್ಣ ಧಾರೆ ಸಣ್ಣಗೇ ಬೀಳುತ್ತಿದೆಯೇ ಎಂದು ನೋಡಿ, ಲ್ಯಾಬಿನ ಬಾಗಿಲ ಮೇಲಿನ ಗಡಿಯಾರದ ಕಡೆ ತಿರುಗಿ ನಿಂತ. ಏಳು ಗಂಟೆಗೆ ಇನ್ನೂ ಐವತ್ತೈದು ನಿಮಿಷವಿತ್ತು.